ರಿಸಲ್ಟ್ ದಿನದ ಫೋಟೊ, ಆಮೇಲೆ ನಾವು ಕೇಳದ ಪ್ರಶ್ನೆ

ದ್ವಿತೀಯ ಪಿಯುಸಿ ರಿಸಲ್ಟ್ ಬಂದ ದಿನ ನಮ್ಮಂಥ ಬಿಡಿ ಸುದ್ದಿಗಾರರಿಗೆ ಬಿಡುವಿರುವುದಿಲ್ಲ. ಹೆಚ್ಚು ಅಂಕ ತೆಗೆದ ಮಕ್ಕಳ ಮನೆ ಹುಡುಕಿಕೊಂಡು ಹೋಗುತ್ತೇವೆ. ಅಪ್ಪ ಅಮ್ಮ ಮಗಳ ಬಾಯಿಗೆ ಸಿಹಿ ಇಡುವ ಫೋಟೊ ತೆಗೆದು, 'ಬಡತನದಲ್ಲಿ ಅರಳಿದ ಪ್ರತಿಭೆ' ಎಂದು ಬರೆದು ಕಳಿಸುತ್ತೇವೆ. 'ಮುಂದೆ ಏನಾಗ್ಬೇಕು ಅಂತಿದ್ದೀಯಮ್ಮಾ?' ಎಂದರೆ 'ಡಾಕ್ಟರ್ ಸಾರ್' ಎನ್ನುತ್ತಾರೆ. ಅದನ್ನೂ ಬರೆಯುತ್ತೇವೆ. ನೀಟ್ ರಿಸಲ್ಟ್ ಬಂದಾಗ ಮಾತ್ರ ಆ ಮನೆ ಕಡೆ ತಲೆ ಹಾಕುವುದಿಲ್ಲ.

ಹೀಗೆ ನಾವು ಫೋಟೊ ತೆಗೆದಿದ್ದ ಹುಡುಗಿಯೊಬ್ಬಳು ಎರಡು ವರ್ಷದ ಮೇಲೆ ದೇವರಾಯಸಮುದ್ರದ ಹೈವೇ ಪಕ್ಕ ಬಸ್ಸಿಗೆ ಕಾಯುತ್ತಾ ಸಿಕ್ಕಳು. ಕೋಲಾರದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. 'ನೀಟ್ ಬರೆದೆ ಸಾರ್, ಆಗಲಿಲ್ಲ. ಇನ್ನೊಂದ್ ವರ್ಷ ಕೋಚಿಂಗ್ ಸೇರ್ಕೋ ಅಂದ್ರು. ಮನೇಲಿರೋದು ಎರಡು ಹಸು. ಡೇರಿ ಬಟವಾಡೆ ದುಡ್ಡಲ್ಲಿ ಅದೆಲ್ಲಾ ಆಗ್ತದಾ?' ಎಂದಳು. ಬಿಎಸ್ಸಿ ಕೀಳೆಂದು ನಾವು ಹೇಳುತ್ತಿಲ್ಲ. ಅದು ಅವಳು ಬಯಸಿದ್ದಲ್ಲ, ಅಷ್ಟೇ.

2017ರಿಂದ ನಮ್ಮ ರಾಜ್ಯದ ಎಲ್ಲಾ ವೈದ್ಯಕೀಯ ಸೀಟುಗಳಿಗೂ ನೀಟ್ ಒಂದೇ ದಾರಿ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಪಿಯುಸಿ ಅಂಕಕ್ಕೆ ಅರ್ಧ ಪಾಲಿದೆ. ನೀಟ್‌ನಲ್ಲಿ ಆ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಲೆಕ್ಕಕ್ಕಿಲ್ಲ. ಪಠ್ಯ ಬೇರೆಯೇನಲ್ಲ, ನಮ್ಮ ಪಿಯು ಕಾಲೇಜುಗಳ ವಿಜ್ಞಾನ ಪುಸ್ತಕವೂ ಎನ್‌ಸಿಇಆರ್‌ಟಿಯದೇ. ಬೇರೆಯಾಗಿರುವುದು ಕೇಳುವ ರೀತಿ. 180 ನಿಮಿಷಕ್ಕೆ 180 ಪ್ರಶ್ನೆ, ತಪ್ಪಾದರೆ ಒಂದು ಅಂಕ ಕಟ್. ಆ ವೇಗ ಅಭ್ಯಾಸದಿಂದ ಬರುತ್ತದೆ, ಅಭ್ಯಾಸ ಕೋಚಿಂಗಿನಿಂದ, ಕೋಚಿಂಗ್ ದುಡ್ಡಿನಿಂದ.

ಇನ್ನು ಭಾಷೆ. ಮುಳಬಾಗಿಲು ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಿಯುಸಿ ವಿಜ್ಞಾನಕ್ಕೆ ಬಂದರೆ ಇಂಗ್ಲಿಷ್. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಇದೆ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದ ಮಗು ಕೊನೆಯ ದಿನ ಕನ್ನಡದ ಪತ್ರಿಕೆ ಹಿಡಿದು ಏನು ಮಾಡಬೇಕು?

'ಗ್ರಾಮೀಣ ಮೀಸಲಾತಿ ಇದೆಯಲ್ಲಾ' ಎನ್ನುವವರಿದ್ದಾರೆ. ಇದೆ, ಶೇ 15. ಕನ್ನಡ ಮಾಧ್ಯಮಕ್ಕೂ ಶೇ 5 ಇದೆ. ಎರಡೂ ಉಳಿಯಬೇಕು. ಆದರೆ ಗ್ರಾಮೀಣ ಮೀಸಲಾತಿ ನೋಡುವುದು 1ರಿಂದ 10ನೇ ತರಗತಿವರೆಗೆ ಓದಿದ ಶಾಲೆ ಎಲ್ಲಿದೆ ಎಂಬುದನ್ನು. ಅದು ಸರ್ಕಾರಿ ಶಾಲೆಯೋ ಖಾಸಗಿಯೋ ಎಂದು ಕೇಳುವುದಿಲ್ಲ. ಊರಾಚೆ ಹೊಲದ ನಡುವೆ ಎದ್ದ ಇಂಗ್ಲಿಷ್ ಮೀಡಿಯಂ ಶಾಲೆಯೂ ಗ್ರಾಮೀಣವೇ. ಅಲ್ಲಿ ಓದಿದ ಮಗು ಪಿಯುಸಿಗೆ ಬೆಂಗಳೂರಿನ ದೊಡ್ಡ ಕಾಲೇಜು ಸೇರಿದರೂ ಸರ್ಟಿಫಿಕೇಟ್ ನಡೆಯುತ್ತದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿದ ಮಗು ಅದೇ ಸಾಲಿನಲ್ಲಿ ಹಿಂದೆ ನಿಲ್ಲುತ್ತದೆ.

ನಮ್ಮ ಜಿಲ್ಲೆಯ ಗಡಿಗೆ ಅಂಟಿಕೊಂಡ ತಮಿಳುನಾಡು 2020ರಲ್ಲಿ ಬೇರೆ ಕೆಲಸ ಮಾಡಿತು. 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಮೀಸಲಿಟ್ಟಿತು. ಅವರ ಫೀಸನ್ನೂ ಸರ್ಕಾರವೇ ಕಟ್ಟುತ್ತದೆ ಎಂದಿತು. ಹಿಂದಿನ ವರ್ಷ ಬೆರಳೆಣಿಕೆಯಷ್ಟು ಸರ್ಕಾರಿ ಶಾಲೆ ಮಕ್ಕಳಿಗೆ ಸೀಟು ಸಿಕ್ಕಿದ್ದರೆ, ಆ ವರ್ಷ ಮುನ್ನೂರಕ್ಕೂ ಹೆಚ್ಚು ಮಂದಿಗೆ ಸಿಕ್ಕಿತು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು.

ನಮ್ಮ ವಿಧಾನಮಂಡಲ ಜುಲೈ 2024ರಲ್ಲಿ ನೀಟ್ ಬೇಡ ಎಂದು ನಿರ್ಣಯ ಮಾಡಿತು. ಸರಿ. ಆದರೆ ಆ ಕೀಲಿ ದೆಹಲಿಯಲ್ಲಿದೆ. ಸರ್ಕಾರಿ ಶಾಲೆ ಮಕ್ಕಳಿಗೆ ಪ್ರತ್ಯೇಕ ಪಾಲು ಕೊಡುವ ಕೀಲಿ ವಿಧಾನಸೌಧದಲ್ಲೇ ಇದೆ. ಅದನ್ನು ಮೊದಲು ತಿರುಗಿಸಲಿ.

ಮೆರಿಟ್ ಕೆಡುತ್ತದೆ ಎಂಬ ಮಾತು ಬಂದೇ ಬರುತ್ತದೆ. ಈ ಮಕ್ಕಳೂ ನೀಟ್ ಪಾಸಾಗಿಯೇ ಬರಬೇಕು. ಒಳಗೆ ಹೋದ ಮೇಲೆ ಎಲ್ಲರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಹಳ್ಳಿಗೆ ಡಾಕ್ಟರು ಬರಲೆಂದು 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆಯನ್ನೇ ಮಾಡಬೇಕಾಗಿ ಬಂದ ರಾಜ್ಯ ನಮ್ಮದು. ಹಳ್ಳಿಯ ಮಕ್ಕಳೇ ಡಾಕ್ಟರಾಗಲು ದಾರಿ ಬಿಡುವುದಕ್ಕೆ ಏಕೆ ಇಷ್ಟು ಯೋಚನೆ?

ನಮ್ಮ ಪಾಲಿನ ತಪ್ಪೂ ಇದೆ. ನಾವು ಟಾಪರ್ ಯಾರು ಎಂದು ಕೇಳಿದೆವು. ಜಿಲ್ಲೆಯ ಸರ್ಕಾರಿ ಪಿಯು ಕಾಲೇಜುಗಳಿಂದ ಈ ವರ್ಷ ಎಷ್ಟು ಮಂದಿಗೆ ಎಂಬಿಬಿಎಸ್ ಸೀಟು ಸಿಕ್ಕಿತು ಎಂದು ಒಂದು ಸಲವೂ ಕೇಳಲಿಲ್ಲ. ಮುಂದಿನ ರಿಸಲ್ಟಿಗೂ ಸಿಹಿ ತಿನ್ನಿಸುವ ಫೋಟೊ ತೆಗೆಯುತ್ತೇವೆ, ಆ ಖುಷಿ ಆ ಮನೆಯವರ ಹಕ್ಕು. ಕೌನ್ಸೆಲಿಂಗ್ ಮುಗಿದ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗುತ್ತೇವೆ. ಬೇರೆ ತಾಲ್ಲೂಕುಗಳಲ್ಲಿರುವ ಗೆಳೆಯರೂ ಹಾಗೇ ಮಾಡಿ, ಲೆಕ್ಕ ಕಳಿಸಿ. ಎಲ್ಲವನ್ನೂ ಸೇರಿಸಿ ಇಲ್ಲೇ ಹಾಕೋಣ.