ರೇಡಿಯೋ ನಿಂತರೆ ನೀರೂ ನಿಲ್ಲಲಿ



ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದಿತೆಂದು ಟಾರ್ಚು ಹಿಡಿದು ತೋಟಕ್ಕೆ ಓಡಿದ ಅನುಭವ ನಿಮ್ಮಲ್ಲಿ ಯಾರಿಗಿಲ್ಲ? ಮೊಬೈಲ್ ಸ್ಟಾರ್ಟರ್ ಬಂದ ಮೇಲೆ ಮನೆಯಲ್ಲಿ ಕುಳಿತೇ ಮೋಟಾರು ಹಾಕುವಂತಾಯಿತು. ಆದರೆ ಮೋಟಾರು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದೇ ಕೊಳವೆ ಬಾವಿಯ ನೀರನ್ನು ನಾಲ್ಕು ಭಾಗಕ್ಕೆ ಸರದಿಯಂತೆ ಬಿಡುವವರು ಗೇಟ್ ವಾಲ್ವು ತಿರುಗಿಸಲು ಮತ್ತೆ ಹೊಲಕ್ಕೆ ಹೋಗಲೇಬೇಕು.

ಈ ತೊಂದರೆಗೆ ಈಗ ರೇಡಿಯೋ ಸಲಕರಣೆಗಳು ಬಂದಿವೆ. ಮನೆ ಅಥವಾ ಪಂಪ್‌ಹೌಸಿನಲ್ಲಿ ಒಂದು ಬೇಸ್ ಸ್ಟೇಷನ್, ಮೋಟಾರಿನ ಸ್ಟಾರ್ಟರಿಗೆ ಒಂದು ಪೆಟ್ಟಿಗೆ, ಪ್ರತಿ ವಾಲ್ವಿಗೆ ಒಂದೊಂದು ಚಿಕ್ಕ ಪೆಟ್ಟಿಗೆ. ಬೇಸ್ ಸ್ಟೇಷನ್ ಆಜ್ಞೆ ಕಳುಹಿಸುತ್ತದೆ, ಪೆಟ್ಟಿಗೆಗಳು ಪಾಲಿಸಿ ಉತ್ತರ ಕೊಡುತ್ತವೆ. ಒಳ್ಳೆಯದೇ. ಆದರೆ ಕೊಳ್ಳುವಾಗ ನಾವು ಕೇಳುವ ಪ್ರಶ್ನೆ ಒಂದೇ: "ಎಷ್ಟು ದೂರ ಹೋಗುತ್ತದೆ?" ಅದಕ್ಕಿಂತ ಮೊದಲು ಕೇಳಬೇಕಾದುದು ಬೇರೊಂದಿದೆ: "ರೇಡಿಯೋ ಮಾತು ನಿಂತರೆ ನೀರು ಏನಾಗುತ್ತದೆ?"

ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲರಿಗೂ ಇದು ಬೇಕಾಗಿಲ್ಲ. ಹೊನ್ನಾಳಿಯ ಕಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರು ಇದಕ್ಕೆ ಹಣ ಹಾಕುವುದು ವ್ಯರ್ಥ. ನ್ಯಾಮತಿಯಲ್ಲಿ ಒಂದು ಮೋಟಾರು, ಒಂದೇ ತುಂಡು ಜಮೀನು ಇರುವವರಿಗೆ ಮೊಬೈಲ್ ಸ್ಟಾರ್ಟರೇ ಸಾಕು. ಚನ್ನಗಿರಿಯ ದೊಡ್ಡ ಅಡಿಕೆ ತೋಟಗಳಿಗೆ, ಕೊಳವೆ ಬಾವಿಯ ಅಲ್ಪ ನೀರನ್ನು ಹನಿ ನೀರಾವರಿಯಲ್ಲಿ ಹಂಚಬೇಕಾದ ಜಗಳೂರಿನ ಹೊಲಗಳಿಗೆ ಇದರ ಉಪಯೋಗವಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ ಒದಗಿಸುವ ಉದ್ದೇಶವಿದೆ. ಆದುದರಿಂದ ಇಂತಹ ಪೆಟ್ಟಿಗೆಗಳ ಪರಿಚಯ ಇಂದಲ್ಲ ನಾಳೆ ನಮಗೆ ಬೇಕಾಗುವುದೇ.

ಮೊದಲ ಸೆಟ್ಟಿಂಗು ಯಾವುದು?

ಇವುಗಳಲ್ಲಿ ಹೆಚ್ಚಾಗಿ ಬಳಸುವ ವಾಲ್ವು ಒಮ್ಮೆ ವಿದ್ಯುತ್ ತಗುಲಿಸಿದರೆ ತೆರೆಯುತ್ತದೆ, ಮತ್ತೊಮ್ಮೆ ತಗುಲಿಸಿದರೆ ಮುಚ್ಚುತ್ತದೆ. ನಡುವೆ ಕರೆಂಟು ಬೇಡವಾದ್ದರಿಂದ ಬ್ಯಾಟರಿ ಬಹುಕಾಲ ಬರುತ್ತದೆ. ಗುಣವೂ ಅದೇ, ದೋಷವೂ ಅದೇ. ತೆರೆದ ಮೇಲೆ ರೇಡಿಯೋ ಸಂಪರ್ಕ ತಪ್ಪಿದರೆ ವಾಲ್ವು ತೆರೆದೇ ಇರುತ್ತದೆ. ಒಂದು ರಾತ್ರಿಯ ನೀರೆಲ್ಲ ಒಂದೇ ಮಗ್ಗುಲಿಗೆ ಹರಿದು, ಉಳಿದ ಮೂರು ಭಾಗ ಒಣಗುತ್ತವೆ. ಜಗಳೂರಿನಂಥ ಕಡೆ ಇದು ಸಣ್ಣ ನಷ್ಟವಲ್ಲ.

ಆದುದರಿಂದ ಪ್ರತಿ ಪೆಟ್ಟಿಗೆಗೂ ಒಂದು "ಮೌನದ ಅವಧಿ" ಇರಬೇಕು. ಅಷ್ಟು ಹೊತ್ತು ಬೇಸ್ ಸ್ಟೇಷನ್ನಿನ ದನಿ ಕೇಳದಿದ್ದರೆ ಪೆಟ್ಟಿಗೆ ತಾನಾಗಿಯೇ ನೀರು ನಿಲ್ಲಿಸಬೇಕು. ಇಲ್ಲಿ ಒಂದು ಎಚ್ಚರ: ಮೋಟಾರಿನ ಅವಧಿ ವಾಲ್ವಿನ ಅವಧಿಗಿಂತ ಕಡಿಮೆಯಿರಲಿ. ಮೋಟಾರಿಗೆ 5 ನಿಮಿಷವಾದರೆ ವಾಲ್ವಿಗೆ 10 ನಿಮಿಷ. ಇದು ತಿರುವುಮುರುವಾದರೆ ವಾಲ್ವು ಮೊದಲು ಮುಚ್ಚಿ, ಓಡುತ್ತಿರುವ ಮೋಟಾರಿನ ಒತ್ತಡಕ್ಕೆ ಪೈಪಿನ ಜಾಯಿಂಟು ಕಿತ್ತುಹೋದೀತು. ಸರದಿ ಬದಲಿಸುವಾಗಲೂ ಹೀಗೆಯೇ. ಮುಂದಿನ ವಾಲ್ವು ತೆರೆದ ಮೇಲೆಯೇ ಹಿಂದಿನದು ಮುಚ್ಚಬೇಕು. ಯಾವ ವಾಲ್ವಾದರೂ ಎರಡು ಮೂರು ಸಲ ಕೇಳಿದರೂ ಉತ್ತರಿಸದಿದ್ದರೆ ಬೇಸ್ ಸ್ಟೇಷನ್ ಮೋಟಾರನ್ನು ನಿಲ್ಲಿಸುವಂತಿರಬೇಕು.

ಆಂಟೆನಾ ಮತ್ತು ಚಾನೆಲ್ಲು

ಜಗಳೂರಿನ ಬಯಲಿನಲ್ಲಿ ಕೆಲಸ ಮಾಡಿದ ಪೆಟ್ಟಿಗೆ ಚನ್ನಗಿರಿಯ ತೋಟದಲ್ಲಿ ಮಾಡೀತೆಂದು ನಂಬಬೇಡಿ. ಅಡಿಕೆಯ ಹಸಿರು ಸೋಗೆ ರೇಡಿಯೋ ಅಲೆಯನ್ನು ನುಂಗುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಪರೀಕ್ಷಿಸಿದ್ದನ್ನು ಮಳೆಗಾಲದಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಪೆಟ್ಟಿಗೆಯ ಶಕ್ತಿ ಹೆಚ್ಚಿಸುವುದಕ್ಕಿಂತ ಆಂಟೆನಾವನ್ನು ಎತ್ತರಿಸುವುದು ಲಾಭಕರ. ಆಂಟೆನಾದ ಕೇಬಲ್ ಉದ್ದವಾದಷ್ಟೂ ಶಕ್ತಿ ಸೋರುವುದರಿಂದ ಅದು ಗಿಡ್ಡದಾಗಿರಲಿ. ಎತ್ತರದ ಕಂಬಕ್ಕೆ ಅರ್ಥಿಂಗ್ ಮತ್ತು ಸಿಡಿಲು ರಕ್ಷಕ ಕಡ್ಡಾಯ. ಆಂಟೆನಾ ಜೋಡಿಸದೆ ರೇಡಿಯೋ ಚಾಲೂ ಮಾಡಬೇಡಿ, ಅದು ಕೆಟ್ಟುಹೋಗಬಹುದು.

ಕೇಂದ್ರ ಸರಕಾರವು 2005ರಲ್ಲಿ 865 ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಂದ ಮುಕ್ತಗೊಳಿಸಿತು. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಿತು. ಅಮೆರಿಕಕ್ಕೆಂದು ಮಾಡಿದ ಪೆಟ್ಟಿಗೆ 915ರಲ್ಲಿ ಮಾತನಾಡುತ್ತದೆ. ಅಗ್ಗವೆಂದು ಅದನ್ನು ತರಬೇಡಿ. ಪಕ್ಕದ ತೋಟದವರೂ ಇದೇ ಸಲಕರಣೆ ಹಾಕಿದ್ದರೆ ನಿಮ್ಮ ನೆಟ್‌ವರ್ಕ್ ಸಂಖ್ಯೆ ಬೇರೆಯಾಗಿರಲಿ. ಇಲ್ಲವಾದರೆ ಅವರ ಆಜ್ಞೆಗೆ ನಿಮ್ಮ ವಾಲ್ವು ತೆರೆದೀತು.

ಕೀಲಿಕೈ ಯಾರ ಕೈಯಲ್ಲಿ?

ನಾನು ಕಂಡ ಒಂದು ತೋಟದಲ್ಲಿ ಸಿಡಿಲಿಗೆ ಬೇಸ್ ಸ್ಟೇಷನ್ ಸುಟ್ಟಿತು. ಹೊಸದೇನೋ ಬಂತು. ಆದರೆ ಚಾನೆಲ್ಲು, ನೆಟ್‌ವರ್ಕ್ ಸಂಖ್ಯೆ, ವಾಲ್ವುಗಳ ಸಂಖ್ಯೆ, ಪಾಸ್‌ವರ್ಡ್ ಯಾವುದೂ ಮನೆಯವರಿಗೆ ತಿಳಿದಿರಲಿಲ್ಲ. ಜೋಡಿಸಿಕೊಟ್ಟವನು ಆ ಕೆಲಸವನ್ನೇ ಬಿಟ್ಟು ಹೋಗಿದ್ದ. ಬಿರುಬೇಸಿಗೆಯಲ್ಲಿ ಮನೆಯವರೆಲ್ಲ ಮತ್ತೆ ಕೈಯಿಂದಲೇ ವಾಲ್ವು ತಿರುಗಿಸಿದರು.

"ಅದೆಲ್ಲ ನಿಮಗೇಕೆ, ನಾವು ನೋಡಿಕೊಳ್ಳುತ್ತೇವೆ" ಎಂದು ಮಾರುವವರು ಹೇಳಬಹುದು. ಅವರ ಮಾತು ಪ್ರಾಮಾಣಿಕವೇ ಇರಬಹುದು. ಆದರೆ ಬೆಳೆ ನಮ್ಮದು, ಸಾಲವೂ ನಮ್ಮದು. ನಮ್ಮ ಬಾವಿಯ ನೀರಿನ ಕೀಲಿಕೈ ಬೇರೆಯವರ ಕಿಸೆಯಲ್ಲಿರುವುದು ಸರಿಯಲ್ಲ. ಎಲ್ಲ ಸಂಖ್ಯೆಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿಸಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿಗಾದರೂ ಕಲಿಸಿ. ಪ್ರತಿ ವಾಲ್ವಿನ ಪಕ್ಕ ಕೈಯಿಂದ ತಿರುಗಿಸುವ ಗೇಟ್ ವಾಲ್ವು ಇದ್ದೇ ಇರಲಿ.

ಕೊನೆಯ ಕಂತಿನ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಮೋಟಾರು ಓಡುತ್ತಿರುವಾಗ ಬೇಸ್ ಸ್ಟೇಷನ್ನಿನ ಕರೆಂಟು ತೆಗೆಯಿರಿ, ಗಡಿಯಾರ ನೋಡುತ್ತ ನಿಲ್ಲಿ. ಐದನೆಯ ನಿಮಿಷಕ್ಕೆ ಮೋಟಾರು, ಹತ್ತನೆಯದಕ್ಕೆ ವಾಲ್ವು ನಿಂತರೆ ಹಣ ಎಣಿಸಿ ಕೊಡಿ. ನಿಲ್ಲದಿದ್ದರೆ, ಸರಿಪಡಿಸಿದ ಮೇಲೆ ಬನ್ನಿ ಎಂದು ಹೇಳಿ ಕಳುಹಿಸಿ.