ಕೆಂಪು ಮೀನೆಲ್ಲ ಒಂದೇ ಮೀನಲ್ಲ

2016ರಲ್ಲಿ ಮಂಗಳೂರಿನಲ್ಲಿ ‘ರೆಡ್ ಸ್ನ್ಯಾಪರ್’ ತಿಂದ ಹಲವರು ಒಟ್ಟಿಗೇ ಅಸ್ವಸ್ಥರಾದರು. ಮೀನು ಹಳಸಿರಲಿಲ್ಲ. ಅದರಲ್ಲಿದ್ದದ್ದು ಸಿಗ್ವಾಟಾಕ್ಸಿನ್ ಎಂಬ ವಿಷ. ಮೀನು ಲುಟ್ಜಾನಸ್ ಬೋಹರ್ ಎಂದು ಗುರುತಿಸಲಾಯಿತು.

ರೆಡ್ ಸ್ನ್ಯಾಪರ್ ಎನ್ನುವುದು ಮಾರುಕಟ್ಟೆಯ ಹೆಸರು. ಲುಟ್ಜಾನಿಡೇ ಕುಟುಂಬದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಕೆಲವು ಮರಿಯಾಗಿದ್ದಾಗ ಅಳಿವೆಗಳಲ್ಲಿ ಬೆಳೆಯುತ್ತವೆ. ಬೋಹರ್ ಮಾತ್ರ ಹವಳದ ದಿಬ್ಬಗಳ ಬೇಟೆಗಾರ. ಮರಿಯ ಬೆನ್ನ ಮೇಲೆ ಎರಡು ಬಿಳಿ ಚುಕ್ಕೆಗಳಿರುತ್ತವೆ, ಬೆಳೆದಂತೆ ಮಾಸುತ್ತವೆ. ಇನ್ನು ಬರೀ ತಲೆಯನ್ನೇ ಮಾರಿದರೆ ಗುರುತು ಹಿಡಿಯುವವರು ಯಾರು?

ವಿಷವನ್ನು ಮೀನು ತಯಾರಿಸುವುದಿಲ್ಲ. ದಿಬ್ಬದ ಪಾಚಿಗೆ ಅಂಟಿಕೊಂಡು ಬದುಕುವ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸೂಕ್ಷ್ಮಜೀವಿ ಅದರ ಮೂಲ. ಪಾಚಿ ಮೇಯುವ ಮೀನಿನಿಂದ ಅದನ್ನು ತಿನ್ನುವ ಮೀನಿಗೆ ದಾಟುತ್ತಾ ವಿಷ ಸಾಂದ್ರವಾಗುತ್ತದೆ. ಐವತ್ತು ವರ್ಷಕ್ಕೂ ಮೀರಿ ಬದುಕಬಲ್ಲ ಬೋಹರ್‌ನಲ್ಲಿ ಅದು ಸೇರಿಕೊಳ್ಳಲು ಸಮಯ ಬೇಕಾದಷ್ಟಿದೆ. ಬಂಗುಡೆ, ಬೂತಾಯಿ ತಿನ್ನುವವರು ಈ ಕಾರಣಕ್ಕೆ ಹೆದರಬೇಕಿಲ್ಲ.

ಕಿವಿರು ಕೆಂಪಗಿದ್ದರೆ ಸಾಕು, ಚೆನ್ನಾಗಿ ಕುದಿಸಿದರೆ ಸಾಕು ಎಂಬ ನಂಬಿಕೆಗಳು ಇಲ್ಲಿ ಕೆಲಸಕ್ಕೆ ಬಾರವು. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಹುಳಿ, ಬೆಂಕಿ, ಐಸ್ ಯಾವುದಕ್ಕೂ ಅದು ಬಗ್ಗದು. ತಲೆ, ಯಕೃತ್ತು, ಕರುಳಿನಲ್ಲಿ ಹೆಚ್ಚಿರುತ್ತದೆ. ವಾಂತಿಭೇದಿಯ ಜೊತೆ ತುಟಿ ಜುಮ್ಮೆಂದರೆ, ತಣ್ಣೀರು ಮುಟ್ಟಿದಾಗ ಸುಟ್ಟಂತಾದರೆ, ಯಾವ ಮೀನು ತಿಂದಿದ್ದೀರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.