ಚಿಕ್ಕ ರಾಷ್ಟ್ರದ ದೊಡ್ಡ ನೆಪ

ಯುದ್ಧಕಾಲದಲ್ಲಿ ಬಲಿಷ್ಠನ ಪಕ್ಕದಲ್ಲಿ ನಿಂತ ಪುಟ್ಟ ದೇಶಗಳ ಮಾತು ಬಂದಾಗಲೆಲ್ಲ “ಪಾಪ, ಅವು ಇನ್ನೇನು ಮಾಡಬಹುದಿತ್ತು?” ಎಂಬ ಪ್ರಶ್ನೆ ಕೇಳಿಬರುತ್ತದೆ. ಕೇಳುವವರ ಅನುಕಂಪ ನಿಜವಾದುದೇ. ಆದರೆ ಆ ಅನುಕಂಪದ ‘ಪಾಪ’ದ ಹಿಂದೆ ನಿಜವಾದ ಪಾಪವೂ ಅಡಗಿ ಕುಳಿತುಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಸ್ಲೊವಾಕಿಯವನ್ನು ನಾನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಆ ರಾಷ್ಟ್ರದ ಅಧ್ಯಕ್ಷರಾಗಿದ್ದ ಯೊಜೆಫ್ ತಿಸೊ ಕಥೋಲಿಕ ಯಾಜಕರು. ಅಧ್ಯಕ್ಷ ಪದವಿಯಲ್ಲಿದ್ದಾಗಲೂ ಬಾನೊವ್ತ್ಸೆ ಪಟ್ಟಣದ ಧರ್ಮಕೇಂದ್ರದ ಗುರುಗಳಾಗಿಯೇ ಮುಂದುವರಿದವರು. 1947ರ ಏಪ್ರಿಲ್ 18ರಂದು ಅವರನ್ನು ಗಲ್ಲಿಗೇರಿಸಲಾಯಿತು. ರಾಷ್ಟ್ರಕ್ಕಾಗಿ ಪ್ರಾಣತೆತ್ತ ಹುತಾತ್ಮರೆಂದು ಅವರನ್ನು ಸ್ಮರಿಸುವ ಭಕ್ತರು ಅಲ್ಲಿ ಇಂದಿಗೂ ಇದ್ದಾರೆ. ಆದ್ದರಿಂದ ಇದು ಪರರ ಚರಿತ್ರೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ತಿಸೊ ಅವರ ಪರವಾದ ವಾದ ದುರ್ಬಲವಾದುದೇನಲ್ಲ. 1938ರ ನವೆಂಬರ್ 2ರಂದು ವಿಯೆನ್ನಾದಲ್ಲಿ ಜರ್ಮನಿ ಮತ್ತು ಇಟಲಿಯ ವಿದೇಶಾಂಗ ಮಂತ್ರಿಗಳು ಕುಳಿತು, ಕೊಶಿತ್ಸೆ ನಗರವೂ ಸೇರಿದಂತೆ ದಕ್ಷಿಣ ಸ್ಲೊವಾಕಿಯವನ್ನು ಹಂಗೇರಿಗೆ ಬರೆದುಕೊಟ್ಟರು. ಅದೇ ಸಮಯದಲ್ಲಿ ಪೋಲೆಂಡ್ ಕೂಡ ಉತ್ತರದ ಕೆಲವು ಹಳ್ಳಿಗಳನ್ನು ಕಿತ್ತುಕೊಂಡಿತು. 1939ರ ಮಾರ್ಚ್ 13ರಂದು ಹಿಟ್ಲರ್ ತಿಸೊ ಅವರನ್ನು ಬರ್ಲಿನ್ನಿಗೆ ಕರೆಸಿಕೊಂಡು, ಸ್ವಾತಂತ್ರ್ಯ ಘೋಷಿಸಿಕೊಳ್ಳದಿದ್ದರೆ ನಿಮ್ಮ ಹಣೆಬರಹ ನಿಮಗೆ ಎಂಬ ಅರ್ಥದಲ್ಲಿ ಬೆದರಿಸಿದನು. ಮರುದಿನವೇ ಸ್ಲೊವಾಕ್ ಸಂಸತ್ತು ಸ್ವಾತಂತ್ರ್ಯವನ್ನು ಘೋಷಿಸಿತು. ಇಲ್ಲಿಯವರೆಗೆ ನಾನೂ ಅವರತ್ತ ಕಲ್ಲೆಸೆಯಲಾರೆ.

ಆದರೆ ಆ ಆಶ್ರಯದ ಬೆಲೆಯನ್ನು ನೋಡಿ. ಜರ್ಮನಿಯು ಸ್ಲೊವಾಕಿಯದ ಗಡಿಗಳನ್ನು ರಕ್ಷಿಸುವುದಾಗಿ ಬರ್ಲಿನ್ನಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದು ಮಾರ್ಚ್ 23ರಂದು. ಹಂಗೇರಿಯ ಸೈನ್ಯ ಪೂರ್ವ ಸ್ಲೊವಾಕಿಯದೊಳಗೆ ನುಗ್ಗಿದ್ದೂ ಅದೇ ದಿನ! ಮರುದಿನ ಹಂಗೇರಿಯ ವಿಮಾನಗಳು ಸ್ಪಿಷ್‌ಸ್ಕಾ ನೊವಾ ವೆಸ್ ಪಟ್ಟಣದ ಮೇಲೆ ಬಾಂಬುಗಳನ್ನು ಸುರಿದವು. ರಕ್ಷಕನಾದ ಜರ್ಮನಿ ಸ್ಲೊವಾಕರ ನೆರವಿಗೆ ಬರಲಿಲ್ಲ. ಏಪ್ರಿಲ್ 4ರಂದು ಸುಮಾರು 1,700 ಚದರ ಕಿಲೋಮೀಟರ್ ನೆಲವನ್ನು ಬಿಟ್ಟುಕೊಡಬೇಕಾಯಿತು. ಜೆರುಸಲೇಮಿನ ಅರಸ ಆಹಾಜನು ನೆರೆಯವರ ಭಯದಿಂದ ದೇವಾಲಯದ ಬೆಳ್ಳಿಬಂಗಾರವನ್ನು ಕಿತ್ತು ಅಸ್ಸೀರಿಯದ ಚಕ್ರವರ್ತಿಗೆ ಕಳುಹಿಸಿದ್ದನ್ನು ಗುರುಮಠದಲ್ಲಿ ಯೆಶಾಯನ ಗ್ರಂಥದ ಜೊತೆಗೆ ಓದದ ಯಾಜಕನಿಲ್ಲ. ತಿಸೊ ಅವರೂ ಓದಿದ್ದರು.

ಪೆಟ್ಟು ತಿಂದವನು ಐದೇ ತಿಂಗಳಲ್ಲಿ ಪೆಟ್ಟು ಕೊಡುವವನಾದನು. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೇನೆಯೊಡನೆ ಸ್ಲೊವಾಕ್ ಸೇನೆಯೂ ಪೋಲೆಂಡಿನ ಗಡಿಯನ್ನು ದಾಟಿತು. ಹಿಂದಿನ ವರ್ಷ ಕಳೆದುಕೊಂಡ ಹಳ್ಳಿಗಳ ಜೊತೆಗೆ, 1920ರ ದಶಕದಲ್ಲಿ ಪೋಲೆಂಡಿನ ಪಾಲಾಗಿದ್ದವೂ ಕೈಸೇರಿದವು. ನಮ್ಮ ನೆಲ ನಮಗೆ ಬಂತು ಎನ್ನುತ್ತೀರೋ? ಎನ್ನಿರಿ. 1941ರ ಜೂನಿನಲ್ಲಿ ಸೋವಿಯತ್ ರಷ್ಯಾದ ಮೇಲೆ, ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಅಮೆರಿಕದ ಮೇಲೆ ಯುದ್ಧ ಸಾರಿದಾಗ ಅವರು ಮರಳಿ ಪಡೆಯಬೇಕಾಗಿದ್ದ ಹಳ್ಳಿ ಯಾವುದು?

ಇದೆಲ್ಲವನ್ನೂ ರಾಜನೀತಿಯೆಂದು ಬದಿಗಿಡೋಣ. 1942ರ ಮಾರ್ಚ್ 25ರಂದು ಪೊಪ್ರಾದ್ ನಿಲ್ದಾಣದಿಂದ ಹೊರಟ ರೈಲನ್ನು ಬದಿಗಿಡಲಾಗದು. ಅದರಲ್ಲಿದ್ದವರು ಸುಮಾರು ಒಂದು ಸಾವಿರ ಯೆಹೂದ್ಯ ಯುವತಿಯರು. ಅದು ಹೋದದ್ದು ಆಷ್‌ವಿಟ್ಸಿಗೆ. ದೇಶದಲ್ಲಿದ್ದ ಸುಮಾರು 89 ಸಾವಿರ ಯೆಹೂದ್ಯರಲ್ಲಿ ಏಳು ತಿಂಗಳೊಳಗೆ 58 ಸಾವಿರದಷ್ಟು ಜನರನ್ನು ಹೀಗೆ ಸಾಗಿಸಲಾಯಿತು. ಹಿಡಿದು ರೈಲು ಹತ್ತಿಸಿದವರು ಸ್ಲೊವಾಕ್ ಕಾವಲುಪಡೆಯವರೇ. ಸಾಲದೆಂಬಂತೆ, ಹೋದವರು ಮರಳಿ ಬಾರದಿರಲಿ, ಅವರ ಆಸ್ತಿ ತಮಗಿರಲಿ ಎಂದು ತಲೆಗೆ 500 ಮಾರ್ಕಿನಂತೆ ಜರ್ಮನಿಗೆ ಹಣ ತೆರಲು ಸರಕಾರ ಒಪ್ಪಿಕೊಂಡಿತು. ಬೆದರಿಕೆಗೆ ಬಾಗುವುದು ಬೇರೆ, ದರ ಗೊತ್ತುಮಾಡುವುದು ಬೇರೆ ಎಂಬುದನ್ನು ಸಂತೆಗೆ ಹೋಗಿಬರುವ ಯಾರಾದರೂ ಬಲ್ಲರು.

ತಡೆದಿದ್ದರೆ ಜರ್ಮನಿ ದೇಶವನ್ನೇ ನುಂಗುತ್ತಿತ್ತಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಆ ಸರಕಾರದ ನಡತೆಯಲ್ಲೇ ಇದೆ. 1942ರ ಅಕ್ಟೋಬರಿನಲ್ಲಿ ರೈಲುಗಳು ನಿಂತವು. ವ್ಯಾಟಿಕನ್ನಿನ ಆಕ್ಷೇಪಗಳು, ಹೋದವರ ಗತಿಯ ಕುರಿತು ಹಬ್ಬಿದ ಸುದ್ದಿ, ಉಳಿದವರಲ್ಲಿ ಅನೇಕರಿಗಿದ್ದ ವಿನಾಯಿತಿ, ಹೀಗೆ ಕಾರಣಗಳು ಹಲವು. 1943ರಲ್ಲಿ ಮತ್ತೆ ಸಾಗಿಸುವ ಮಾತೆದ್ದಾಗ ಧರ್ಮಾಧ್ಯಕ್ಷರು ಪಾಲನಾ ಪತ್ರದ ಮೂಲಕ ವಿರೋಧಿಸಿದರು. ಜರ್ಮನಿ ಒತ್ತಾಯಿಸುತ್ತಲೇ ಇತ್ತು. ಆದರೂ ಸುಮಾರು ಎರಡು ವರ್ಷ ರೈಲುಗಳು ಹೊರಡಲಿಲ್ಲ. ಹಿಟ್ಲರನು ದೇಶವನ್ನು ನುಂಗಲೂ ಇಲ್ಲ. ಅವನ ಸೇನೆ ಒಳಬಂದದ್ದು 1944ರ ಆಗಸ್ಟಿನಲ್ಲಿ, ಸ್ಲೊವಾಕರೇ ದಂಗೆಯೆದ್ದಾಗ. ‘ಇಲ್ಲ’ ಎನ್ನಲು ಅಕ್ಟೋಬರಿನಲ್ಲಿ ಇದ್ದ ಬಾಯಿ ಮಾರ್ಚಿನಲ್ಲಿ ಎಲ್ಲಿ ಹೋಗಿತ್ತು?

ಯಾಜಕನಾಗಿ ನನ್ನನ್ನು ಹೆಚ್ಚು ಕಲಕುವುದು ಅದೇ ವರ್ಷದ ಆಗಸ್ಟಿನಲ್ಲಿ ಹೊಲಿಚ್ ಎಂಬಲ್ಲಿ ತಿಸೊ ಮಾಡಿದ ಭಾಷಣ. ನಾವು ಮಾಡುತ್ತಿರುವುದು ಕ್ರೈಸ್ತೋಚಿತವೇ ಎಂದು ಅವರೇ ಪ್ರಶ್ನೆ ಎತ್ತಿದರು. ತನ್ನನ್ನು ತಾನು ಪ್ರೀತಿಸುವುದು ದೇವರ ಆಜ್ಞೆ. ಆದ್ದರಿಂದ ರಾಷ್ಟ್ರವು ತನ್ನ ಶತ್ರುಗಳಾದ ಯೆಹೂದ್ಯರನ್ನು ತೊಲಗಿಸುವುದು ತಪ್ಪಲ್ಲ ಎಂದು ಅವರೇ ಉತ್ತರಿಸಿದರು. ನಿನ್ನನ್ನು ನೀನು ಪ್ರೀತಿಸುವಂತೆ ನಿನ್ನ ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯ ಅರ್ಧವನ್ನು ಕತ್ತರಿಸಿ ಜನರಿಗೆ ಹಂಚಿದ ಬೋಧನೆಯಿದು. ಯೇಸುಸ್ವಾಮಿ ಯಾವ ಕುಲದಲ್ಲಿ ಜನಿಸಿದರೆಂಬುದು ಅವರ ನೆನಪಿಗೆ ಬರಲಿಲ್ಲವೇ? ಅದಕ್ಕೂ ಮುನ್ನ ಜುಲೈನಲ್ಲಿ ವ್ಯಾಟಿಕನ್ನಿನ ಅಧಿಕಾರಿ ದೊಮೆನಿಕೊ ತಾರ್ದೀನಿಯವರು ಕಹಿಯಾದ ಟಿಪ್ಪಣಿಯೊಂದನ್ನು ಬರೆದಿಟ್ಟಿದ್ದರು. ಹಿಟ್ಲರನನ್ನು ಹತೋಟಿಯಲ್ಲಿಡಲು ಪವಿತ್ರ ಪೀಠಕ್ಕೆ ಆಗದೆಂಬುದನ್ನು ಎಲ್ಲರೂ ಅರಿತಾರು, ಒಬ್ಬ ಯಾಜಕನನ್ನು ಹತೋಟಿಯಲ್ಲಿಡಲೂ ಆಗದೆಂಬುದನ್ನು ಯಾರು ಅರಿತಾರು ಎಂಬುದು ಅದರ ತಾತ್ಪರ್ಯ. ಯಾಜಕರು ರಾಜ್ಯಾಧಿಕಾರದ ಹುದ್ದೆಗಳನ್ನು ವಹಿಸಿಕೊಳ್ಳುವುದನ್ನು 1983ರ ಧರ್ಮಸಭಾ ಕಾನೂನು ಸಂಹಿತೆಯ 285ನೆಯ ವಿಧಿ ನಿಷೇಧಿಸುತ್ತದೆ. ಅದು ಕೇವಲ ಶಿಸ್ತಿನ ಮಾತೆಂದು ಗೊಣಗುವ ಕಿರಿಯ ಗುರುಗಳು ಸ್ಲೊವಾಕಿಯದ ಇತಿಹಾಸವನ್ನೊಮ್ಮೆ ಓದಬೇಕು. 1944ರ ಅಕ್ಟೋಬರ್ 30ರಂದು, ದಂಗೆ ಅಡಗಿದ ಬಾನ್ಸ್ಕಾ ಬಿಸ್ತ್ರಿತ್ಸದಲ್ಲಿ ತಿಸೊ ಕೃತಜ್ಞತಾ ಬಲಿಪೂಜೆಯನ್ನು ಅರ್ಪಿಸಿ, ಜರ್ಮನ್ ಸೈನಿಕರಿಗೆ ಪದಕಗಳನ್ನು ತೊಡಿಸಿದರು. ಅಷ್ಟರಲ್ಲಿ ಉಳಿದ ಯೆಹೂದ್ಯರ ಬೇಟೆ ಮತ್ತೆ ಆರಂಭವಾಗಿತ್ತು.

ಗಡಿಯ ಹಗೆತನವೇ ಎಲ್ಲಕ್ಕೂ ಕಾರಣವೆನ್ನುವವರಿಗೆ ಒಂದು ಹೆಸರನ್ನು ಹೇಳಿ ಮುಗಿಸುತ್ತೇನೆ. 1942ರ ಮೇ 15ರಂದು ಯೆಹೂದ್ಯರ ಗಡೀಪಾರನ್ನು ಕಾನೂನುಬದ್ಧಗೊಳಿಸುವ ಮಸೂದೆ ಸಂಸತ್ತಿನ ಮುಂದೆ ಬಂತು. ಆ ಸಂಸತ್ತಿನ ಸದಸ್ಯರಲ್ಲಿ ಹಲವರು ಯಾಜಕರು. ಮಸೂದೆಯ ವಿರುದ್ಧ ಮತ ಹಾಕಿದವರು ಒಬ್ಬರೇ: ಯಾನೊಷ್ ಎಸ್ತರ್ಹಾಜಿ. ಅವರು ಸ್ಲೊವಾಕರಲ್ಲ, ಅಲ್ಲಿಯ ಹಂಗೇರಿಯನ್ ಅಲ್ಪಸಂಖ್ಯಾತರ ಪ್ರತಿನಿಧಿ; ಅಂದರೆ, ನೆಲ ಕಿತ್ತುಕೊಂಡ ಶತ್ರುವಿನ ಭಾಷೆಯನ್ನಾಡುವವರು. ವಿಯೆನ್ನಾ ತೀರ್ಪನ್ನು ಸಂತೋಷದಿಂದ ಸ್ವಾಗತಿಸಿದ ಅವರನ್ನು ಸ್ಲೊವಾಕರು ಸುಲಭವಾಗಿ ಮೆಚ್ಚಲಾರರು. ತಿಸೊ ಅವರಿಗಿಂತಲೂ ಹೆಚ್ಚು ಒಂಟಿಯಾಗಿದ್ದ ಈ ಕಥೋಲಿಕ ಗೃಹಸ್ಥರು ಕೈ ಎತ್ತಿದರು. ಯುದ್ಧದ ನಂತರ ಕಮ್ಯುನಿಸ್ಟ್ ಸರಕಾರ ಅವರನ್ನು ಸೆರೆಯಲ್ಲಿಟ್ಟಿತು. 1957ರಲ್ಲಿ ಮೀರೊವ್ ಸೆರೆಮನೆಯಲ್ಲಿ ಅವರು ತೀರಿಕೊಂಡರು.